ಎರ್ಬಿಲಿಗೆ ಹಿಡಿದಿಟ್ಟ ಸೀಟು

ಓಟಿನ ಮಾತು ಯಾರಾದರೂ ಎತ್ತಿದರೆ ನನಗೆ ಈಗಲೂ ಮಂಡೆ ಬಿಸಿಯಾಗುತ್ತದೆ. ಊರಿನ ಪಂಚಾಯತ್ ಓಟಿರಲಿ, ದೆಹಲಿಯದ್ದಿರಲಿ, "ಈ ಸಲ ಎಷ್ಟು ಪರ್ಸೆಂಟ್ ಆಯ್ತಂತೆ ಮಾರಾಯ್ರೇ?" ಎಂದು ಯಾರೋ ಬಾಯಿ ತೆರೆದ ಕೂಡಲೇ ನಾನು ಎದ್ದು ಅಡುಗೆಕೋಣೆಗೆ ಹೋಗಿ ಪಾತ್ರೆ ತಿಕ್ಕಲಿಕ್ಕೆ ಶುರು ಮಾಡುತ್ತೇನೆ. ಬಂದವರಿಗೆ ಇದು ವಿಚಿತ್ರ ಕಾಣುತ್ತದೆ. ಗಂಡನಿಗೆ ಅಭ್ಯಾಸವಾಗಿದೆ. "ಅವಳ ಹತ್ತಿರ ಆ ವಿಷಯ ಬೇಡ" ಎಂದು ಅವರು ಮೆಲ್ಲ ಹೇಳುವುದು ನನಗೆ ಒಳಗೆ ಕೇಳುತ್ತದೆ.

ನಾನು ಕುವೈತಿನ ಫರ್ವಾನಿಯಾದ ಒಂದು ಟಿಕೆಟ್ ಆಫೀಸಿನಲ್ಲಿ ಕೆಲಸ ಮಾಡುವವಳು. ವಿಮಾನದ ಟಿಕೆಟ್. ಒಂದು ಬದಿಗೆ ಸಲೂನು, ಇನ್ನೊಂದು ಬದಿಗೆ ಮೊಬೈಲ್ ಅಂಗಡಿ, ನಡುವೆ ನಮ್ಮದು. ಎದುರಿಗೆ ಎರಡು ಮೇಜು, ಹಿಂದೆ ಗಾಜಿನ ಕೋಣೆ. ಒಂದು ಮೇಜು ನನ್ನದು. ಮಂಗಳೂರು, ಕಲ್ಲಿಕೋಟೆ, ಮುಂಬೈ, ಹೈದರಾಬಾದು, ಒಟ್ಟು ಇಂಡಿಯಾದ ಎಲ್ಲ ಗಲಾಟೆ ನನ್ನ ಮಂಡೆಗೆ. ಇನ್ನೊಂದು ಮೇಜು ಅರಬ್ ದೇಶಗಳದ್ದು. ಗಾಜಿನ ಕೋಣೆಯಲ್ಲಿ ನಮ್ಮ ಮ್ಯಾನೇಜರು, ಉಪ್ಪಿನಂಗಡಿ ಕಡೆಯ ಬ್ಯಾರಿ. ನಾನು ಅವರನ್ನು ಸಾಹೇಬ್ರೇ ಎನ್ನುತ್ತೇನೆ. ಅವರು ನನ್ನನ್ನು, ಸಿಟ್ಟಿದ್ದರೂ ಇಲ್ಲದಿದ್ದರೂ, ಮಾರಾಯ್ತಿ ಎನ್ನುತ್ತಾರೆ.

ಅರಬ್ ಮೇಜಿನಲ್ಲಿ ಕೂರುತ್ತಿದ್ದವನು ಕುರ್ದಿ, ನಾಲ್ಕು ದೇಶಗಳಲ್ಲಿ ಹಂಚಿಹೋಗಿ ಸ್ವಂತ ದೇಶವೇ ಇಲ್ಲದ ಜನಾಂಗದವನು. ಊರು ಸಿರಿಯಾದ ಉತ್ತರದ ಗಡಿಯಲ್ಲಿ. ಎತ್ತರದ ಆಳು, ದಪ್ಪ ಮೀಸೆ, ಅಂಗಿಗೆ ದಿನಾ ಇಸ್ತ್ರಿ. ಗಿರಾಕಿ ಮುಖಕ್ಕೆ ಬೈದರೂ "ಹೌದು ಸರ್, ನೀವು ಹೇಳಿದ್ದು ಸರಿ" ಎಂದು ಚಾ ತರಿಸುವ ಜಾತಿ. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ನೀನು ಹೀಗೆ ಬಗ್ಗಿದರೆ ನಾಳೆ ಅವರು ನಿನ್ನ ಬೆನ್ನ ಮೇಲೆ ಚಾಪೆ ಹಾಸಿ ಮಲಗ್ತಾರೆ" ಎಂದು ಬಯ್ಯುತ್ತಿದ್ದೆ. ನಮ್ಮ ನಡುವಿನ ಭಾಷೆ ಅರ್ಧ ಹಿಂದಿ, ಅರ್ಧ ಅರಬಿ, ಸಿಕ್ಕಿಬಿದ್ದಲ್ಲಿ ಇಂಗ್ಲಿಷು. ಅವನು ನನ್ನನ್ನು ಉಖ್ತಿ ಎಂದು ಕರೆಯುತ್ತಿದ್ದ, ಅಂದರೆ ಅಕ್ಕ. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ. ಇಲ್ಲಿ ಎಲ್ಲವನ್ನೂ ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಅವನ ದೇಶದಲ್ಲಿ ಯುದ್ಧ ಶುರುವಾದಾಗ ಅವನ ಅಮ್ಮ ಮತ್ತು ತಂಗಿ ಗಡಿ ದಾಟಿ ಎರ್ಬಿಲಿಗೆ ಓಡಿಬಂದಿದ್ದರು. ಎರ್ಬಿಲ್ ಇರುವುದು ಇರಾಕಿನ ಉತ್ತರದಲ್ಲಿ, ಅಲ್ಲಿ ಕುರ್ದಿಗಳದ್ದೇ ಒಂದು ಸರ್ಕಾರ ಉಂಟು. ಆದರೆ ಅದು ಇರಾಕಿನ ಕೆಳಗೆ. ಊರ ಹೊರಗೆ ಒಬ್ಬರು ಶಾಲೆ ಮೇಷ್ಟ್ರ ಮನೆಯ ಹಿಂಬದಿಯ ಕೋಣೆಯಲ್ಲಿ ತಾಯಿ ಮಗಳು ಬಾಡಿಗೆಗಿದ್ದರು. ಇವನು ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದ. ಸ್ವಂತ ಊರಿಗೆ ಕಾಲಿಟ್ಟರೆ ಸೈನ್ಯಕ್ಕೆ ಹಿಡಿದು ಹಾಕುತ್ತಾರೆ. ಬಾಗ್ದಾದಿನವರು ಅವನ ಪಾಸ್‌ಪೋರ್ಟಿಗೆ ವೀಸಾ ಕೊಡುವುದಿಲ್ಲ. ಎರ್ಬಿಲಿನ ವಿಮಾನ ನಿಲ್ದಾಣದಲ್ಲಿ ಮಾತ್ರ, ಅಲ್ಲಿಯ ಸರ್ಕಾರದವರು ಕುರ್ದಿ ಎಂದು ನೋಡಿ ಒಳಗೆ ಬಿಡುತ್ತಿದ್ದರು. ತಾಯಿ ಮಗಳನ್ನು ಇಲ್ಲಿಗೆ ಕರೆಸೋಣವೆಂದರೆ ಸಿರಿಯಾದವರಿಗೆ ಕುವೈತಿನ ವೀಸಾ ಬಂದ್. ಹಾಗಾಗಿ ಅಮ್ಮನ ಹತ್ತಿರ ಹೋಗಲಿಕ್ಕೆ ಅವನಿಗಿದ್ದದ್ದು ಅದೊಂದೇ ಬಾಗಿಲು.

ಆ ವರ್ಷ ಅಮ್ಮನ ಕಣ್ಣು ಹೋಗುತ್ತಿತ್ತು. ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಗ್ಲಾಕೋಮಾ. ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದು ಚಳಿಗಾಲದ ಹೊತ್ತಿಗೆ ಹೋಗಬಹುದು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಅಮ್ಮ ಕೇಳಿದ್ದು ಒಂದೇ. "ನನಗೆ ಕಾಣುವಾಗ ಒಮ್ಮೆ ಬಾ."

ಆ ಅಮ್ಮನನ್ನು ನಾನೂ ಬಲ್ಲೆ. ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ ನಾವು ಊಟಕ್ಕೆ ಕೂತಾಗ ವಿಡಿಯೋ ಕಾಲ್ ಬರುತ್ತಿತ್ತು. ಸರಿಯಾಗಿ ಕಾಣದ್ದಕ್ಕೆ ಅವರು ಫೋನನ್ನು ಮೂಗಿಗೇ ತಾಗಿಸಿ ಹಿಡಿಯುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಒಂದು ಕಣ್ಣು ಮತ್ತು ಬಿಳಿ ಶಾಲಿನ ಅಂಚು. ಮಗನ ಹತ್ತಿರ ಮಾತು ಮುಗಿದ ಮೇಲೆ "ಆ ಇಂಡಿಯಾದ ಹೆಂಗಸಿಗೆ ಕೊಡು" ಎನ್ನುತ್ತಿದ್ದರು. ನಾನು ಹಣೆಯನ್ನು ಫೋನಿನ ಹತ್ತಿರ ತರಬೇಕು. ನನ್ನ ಹಣೆಯ ಕುಂಕುಮ ನೋಡಿ ಅವರು "ಕೆಂಪು, ಕೆಂಪು" ಎಂದು ಚಿಕ್ಕ ಮಗುವಿನ ಹಾಗೆ ನಗುತ್ತಿದ್ದರು. ಅದು ಕಂಡಿತೆಂದರೆ ಆ ದಿನದ ಮಟ್ಟಿಗೆ ಕಣ್ಣು ಉಂಟು ಎಂದು ಲೆಕ್ಕ. ನಾನು ಮೊದಲು ಸಣ್ಣ ಬೊಟ್ಟು ಇಡುತ್ತಿದ್ದವಳು. ಆ ವರ್ಷ ದೊಡ್ಡದು ಇಡಲಿಕ್ಕೆ ಶುರು ಮಾಡಿದೆ. ಗಂಡ "ಎಂಥದಿದು, ದೇವಿ ಮೈಮೇಲೆ ಬಂದವರ ಹಾಗೆ" ಎಂದು ತಮಾಷೆ ಮಾಡಿದರು. ನಾನು ಕಾರಣ ಹೇಳಲಿಲ್ಲ.

ಅವನ ರಜೆ ಅಕ್ಟೋಬರಿಗೆ ಪಾಸಾಗಿತ್ತು. ಅಷ್ಟರಲ್ಲಿ ಎರ್ಬಿಲಿನ ಸರ್ಕಾರದವರು ಘೋಷಣೆ ಮಾಡಿದರು, ಸೆಪ್ಟೆಂಬರ್ ಕೊನೆಗೆ ಜನಮತಗಣನೆ ಎಂದು. ಕುರ್ದಿಸ್ತಾನ ಸ್ವತಂತ್ರ ದೇಶ ಆಗಬೇಕಾ ಬೇಡವಾ, ಹೌದು ಅಥವಾ ಇಲ್ಲ. ಬಾಗ್ದಾದು ಬೇಡ ಎಂದಿತು. ಅಕ್ಕಪಕ್ಕದ ದೇಶಗಳೂ ಬೇಡ ಎಂದವು. ದೊಡ್ಡ ದೊಡ್ಡ ದೇಶಗಳು ಈಗ ಬೇಡ, ಮತ್ತೆ ನೋಡೋಣ ಎಂದವು. ನಮ್ಮ ಭಾಯಿಗೆ ಮಾತ್ರ ಪಿತ್ತ ನೆತ್ತಿಗೇರಿತು.

ತಮಾಷೆ ಏನೆಂದರೆ ಆ ಓಟು ಅವನಿಗಿರಲಿಲ್ಲ. ಅದು ಇರಾಕಿನ ಕುರ್ದಿಗಳಿಗೆ. ಇವನು ಸಿರಿಯಾದವನು. ಅಮ್ಮನಿಗೂ ಇಲ್ಲ, ತಂಗಿಗೂ ಇಲ್ಲ. ಆದರೂ ಇವನಿಗೆ ಊಟ ಬೇಡ, ನಿದ್ರೆ ಬೇಡ. ಎರ್ಬಿಲಿನಲ್ಲಿ ಗುರುತಿರುವ ಒಬ್ಬೊಬ್ಬರಿಗೂ ಫೋನ್ ಮಾಡಿ ಓಟಿಗೆ ಹೋಗಿ ಎಂದು ಕಾಲು ಹಿಡಿಯುವುದೇ ಕೆಲಸ. ಅಮ್ಮನ ಬೀದಿಯ ಕ್ಷೌರಿಕ, ರೊಟ್ಟಿ ಅಂಗಡಿಯವ, ಕಾಲು ಕುಂಟುವ ಪಕ್ಕದ ಮನೆಯ ಮುದುಕ. ಎಲ್ಲಕ್ಕಿಂತ ದೊಡ್ಡ ತಲೆನೋವು ಮನೆ ಯಜಮಾನರಾದ ಆ ಮೇಷ್ಟ್ರು. ಅವರಿಗೆ ಸರ್ಕಾರದಿಂದ ಸರಿಯಾಗಿ ಸಂಬಳ ಬರದೆ ಎಷ್ಟೋ ಕಾಲವಾಗಿತ್ತು. "ಮೊದಲು ಸಂಬಳ ಕೊಡಲಿ, ಮತ್ತೆ ದೇಶ ಕೊಡಲಿ. ನಾನು ಆ ದಿನ ಮನೆಯಲ್ಲಿ ಮಲಗ್ತೇನೆ" ಎಂದು ಅವರು ಹಟ ಹಿಡಿದಿದ್ದರು. ಇವನು ಬಿಡಬೇಕಲ್ಲ. ದಿನಾ ಫೋನು.

ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಆಫೀಸು ಪಾರ್ಲಿಮೆಂಟು ಆಗಿಬಿಟ್ಟಿತು. ಸಾಹೇಬ್ರು ಬೂತಾಯಿ ಮೀನಿನ ಪುಳಿಮುಂಚಿಯ ಡಬ್ಬ ತೆರೆದು ಕೂತರೆಂದರೆ ಓಟಿನ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ನಮ್ಮ ಕಡೆ ಓಟು ಬಂದಾಗ ಇಲ್ಲಿಂದ ಜನ ಗುಂಪು ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಅನಿವಾಸಿಗಳು ಊರಿಗೇ ಹೋಗಿ ಬೆರಳಿಗೆ ಶಾಯಿ ಹಾಕಿಸಬೇಕಲ್ಲ, ಬೇರೆ ದಾರಿ ಇಲ್ಲ. ಆ ಟಿಕೆಟುಗಳನ್ನು ಮಾಡಿದ್ದು ನಾವೇ. ಭಾಯಿ ಅದನ್ನು ಕಣ್ಣಾರೆ ನೋಡಿದ್ದ, ಮರೆತಿರಲಿಲ್ಲ.

"ನಿಮ್ಮವರು ಒಂದು ಓಟಿಗೆ ಸಮುದ್ರ ದಾಟಿ ಹೋಗ್ತಾರೆ. ನಮ್ಮವರು ಬೀದಿ ದಾಟಿ ಹೋಗಲಿಕ್ಕಿಲ್ವಾ?" ಎಂದು ಅವನು ಕೇಳಿದ.

"ಅದಕ್ಕೇ ಹೇಳುವುದು," ಎಂದರು ಸಾಹೇಬ್ರು, ಮುಳ್ಳು ಬಿಡಿಸುತ್ತಾ. "ಹೌದು ಎಂದವರೆಷ್ಟು ಎನ್ನುವುದು ವಿಷಯವೇ ಅಲ್ಲ. ಬೇಡ ಎನ್ನುವವ ಓಟಿಗೇ ಬರುವುದಿಲ್ಲ, ನಿನ್ನ ಮೇಷ್ಟ್ರ ಹಾಗೆ ಮನೆಯಲ್ಲಿ ಮಲಗ್ತಾನೆ. ಬಂದವರು ಎಷ್ಟು ನೋಡ್ಬೇಕು. ಅರ್ಧ ಜನ ಮನೆಯಲ್ಲಿ ಕೂತರೆ ನಾಳೆ ಇಡೀ ಲೋಕ ಕೇಳ್ತದೆ, ಇದು ಯಾರ ತೀರ್ಮಾನ ಅಂತ."

"ಬರ್ತಾರೆ. ಎಲ್ಲರೂ ಬರ್ತಾರೆ. ಅಷ್ಟು ಜನ ಬಂದ ಮೇಲೆ ಯಾರೂ ಏನೂ ಮಾಡಲಾರರು."

ನನಗೆ ತಡೆಯಲಿಲ್ಲ. "ಮಾಡಲಾರರು ಅಂತ ಯಾರು ನಿನಗೆ ಹೇಳಿದ್ದು?" ಎಂದೆ. ನನ್ನ ತವರಿನ ಪಾಲಿನ ಕತೆ ಹೇಳಿದೆ. ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾದಾಗ ಮನೆ ನಮಗೆ ಬಂತು. ಮನೆ ಸಿಕ್ಕಿತೆಂದು ಅಮ್ಮ ಪಾಯಸ ಮಾಡಿದ್ದರು. ಆದರೆ ರಸ್ತೆಗೆ ಹೋಗುವ ದಾರಿ ದೊಡ್ಡಪ್ಪನ ಅಂಗಳದಲ್ಲಿ, ಬಾವಿಯೂ ಅವರ ಪಾಲಿನಲ್ಲಿ. ಮರುವಾರ ಅವರು ಬೇಲಿ ಹಾಕಿದರು. ಆಮೇಲೆ ನಾವು ಮಕ್ಕಳು ಗದ್ದೆಯ ಹುಣಿಯ ಮೇಲೆ ಸುತ್ತು ಹಾಕಿ ಶಾಲೆಗೆ ಹೋಗಬೇಕಾಯಿತು, ಅಮ್ಮ ಆಚೆಮನೆಯಿಂದ ನೀರು ಹೊತ್ತರು. "ನಿಮ್ಮ ಎಣ್ಣೆಯ ಪೈಪು ಯಾರ ಜಾಗದಲ್ಲಿ ಹೋಗ್ತದೆ? ನಿಮಗೆ ಸಮುದ್ರ ಉಂಟಾ? ಅಕ್ಕಿ, ಗೋಧಿ, ಮದ್ದು ಯಾವ ಗಡಿಯಿಂದ ಬರ್ತದೆ? ವಿಮಾನ ಇಳಿಯುವ ಆಕಾಶ ಬಾಗ್ದಾದಿನದ್ದು. ಟಿಕೆಟ್ ಮಾಡುವವ ನೀನು, ನಿನಗೆ ಇದನ್ನು ನಾನು ಹೇಳಬೇಕಾ?"

ಅವನು ಮೆಲ್ಲಗೆ, ಎಂದಿನ ಮರ್ಯಾದೆಯಲ್ಲೇ ಹೇಳಿದ. "ಉಖ್ತಿ, ನೀನು ದೇಶ ಇರುವವಳು. ಇರುವವರಿಗೆ ದಾರಿಯ ಚಿಂತೆ. ಇಲ್ಲದವರಿಗೆ ಮೊದಲು ಮನೆ ಬೇಕು."

ನನ್ನ ಪಾಸ್‌ಪೋರ್ಟು ಡ್ರಾಯರಿನಲ್ಲಿ ಬೆಚ್ಚಗೆ ಮಲಗಿದೆ. ಇಲ್ಲಿರುವ ಪರವಾನಗಿ, ಇಕಾಮಾ, ಮುಗಿದರೆ ನಾನು ಮಂಗಳೂರಿಗೆ ಹೋಗಿ ಇಳಿಯುತ್ತೇನೆ, ಬೈದುಕೊಂಡಾದರೂ ಇಳಿಯುತ್ತೇನೆ. ಅವನಿಗೆ ಇಳಿಯಲಿಕ್ಕೆ ಜಾಗ ಎಲ್ಲಿತ್ತು? ನಾನು ಡಬ್ಬ ತೊಳೆಯಲಿಕ್ಕೆ ಎದ್ದೆ.

ಆದರೆ ನನಗೆ ಹೆದರಿಕೆ ಶುರುವಾಗಿತ್ತು. ದೇಶದ ಕತೆ ಹಾಳಾಗಿ ಹೋಗಲಿ, ಅಮ್ಮನ ಕಣ್ಣಿನ ಕತೆ ಏನು? ಓಟಿನ ನಂತರ ಬೇಲಿ ಬಿದ್ದರೆ ಇವನು ಅಕ್ಟೋಬರಿನಲ್ಲಿ ಯಾವ ಕಡೆಯಿಂದ ಹೋಗುತ್ತಾನೆ? ನಾನು ಗಾಜಿನ ಕೋಣೆಗೆ ಹೋಗಿ ಕೇಳಿದೆ. ಸಾಹೇಬ್ರು ಒಂದು ಕ್ಷಣವೂ ಯೋಚಿಸಲಿಲ್ಲ. "ಅವ ನಾಳೆಯೇ ಹೊರಟರೂ ಹೋಗಲಿ. ಅವನ ಮೇಜು ನಾವಿಬ್ಬರು ನೋಡಿದರಾಯಿತು. ನೀನೇ ಹೇಳು ಮಾರಾಯ್ತಿ, ನನ್ನ ಮಾತು ಅವನಿಗೆ ನಾಟುವುದಿಲ್ಲ."

ನಾನು ಹೇಳಿದೆ. "ಭಾಯಿ, ಓಟಿಗೆ ಮೊದಲೇ ಹೋಗಿ ಅಮ್ಮನನ್ನು ನೋಡಿ ಬಾ. ದೇಶ ಆಮೇಲೆಯೂ ಇರ್ತದೆ."

ಅವನು ನಕ್ಕ. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಪ್ರತಿ ವರ್ಷ ನಾನು ಅಲ್ಲಿ ಇಳಿಯುವಾಗ ಕೌಂಟರಿನವ ಕೇಳ್ತಾನೆ, ಎಷ್ಟು ದಿನ ಇರ್ತೀ, ಯಾರ ಮನೆಯಲ್ಲಿ ಇರ್ತೀ ಅಂತ. ಈ ಸಲ ನಾನು ಇಳಿಯುವುದು ನಮ್ಮ ದೇಶಕ್ಕೆ. ಅಮ್ಮನ ಎದುರು ಹೋಗಿ ಹೇಳಬೇಕು, ಅಮ್ಮಾ, ನಿನ್ನನ್ನು ನೋಡಲಿಕ್ಕೆ ಬೇರೆಯವರ ಊರಿಗೆ ಬಂದಿಲ್ಲ, ಮನೆಗೆ ಬಂದೆ ಅಂತ. ಆಮೇಲೆ ಪಾಸ್‌ಪೋರ್ಟ್ ಆಗ್ತದೆ. ಪಾಸ್‌ಪೋರ್ಟ್ ಆದರೆ ಅಮ್ಮನನ್ನು ಜರ್ಮನಿಗೆ ಕರ್ಕೊಂಡು ಹೋಗ್ತೇನೆ. ಅಲ್ಲಿಯ ಡಾಕ್ಟರು ನೋಡಲಿ."

"ಜರ್ಮನಿ!" ಎಂದೆ ನಾನು. "ಓಟು ಬೀಳುವ ಮೊದಲೇ ಇವನು ಜರ್ಮನಿಗೆ ಹೊರಟ!" ನನ್ನ ಸ್ವರ ಪಕ್ಕದ ಸಲೂನಿಗೆ ಕೇಳಿರಬೇಕು.

ಬಾಯಲ್ಲಿ ಹೇಳಿದರೆ ಆಗಲಿಕ್ಕಿಲ್ಲ ಎಂದು ನಾನು ಕೈಯಲ್ಲಿ ಮಾಡಿದೆ. ನಮ್ಮ ಕೆಲಸದಲ್ಲಿ ಸೀಟು ಹಿಡಿದಿಡುವುದು ಎಂದು ಒಂದುಂಟು. ಗಿರಾಕಿಯ ಹೆಸರು ಹಾಕಿ ಸೀಟು ಕಾದಿರಿಸಿ ಇಡಬಹುದು, ಟಿಕೆಟ್ ಕೊನೆಗೆ ಮಾಡಿದರಾಯಿತು. ವಿಮಾನದವರು ಕೊಟ್ಟ ಹೊತ್ತಿನೊಳಗೆ ಮಾಡದಿದ್ದರೆ ಸೀಟು ತಾನಾಗಿಯೇ ಬಿದ್ದುಹೋಗುತ್ತದೆ. ಓಟಿಗೆ ಮುಂಚಿನ ಗುರುವಾರದ ಎರ್ಬಿಲ್ ವಿಮಾನದಲ್ಲಿ ನಾನು ಅವನ ಹೆಸರಿಗೆ ಸೀಟು ಹಿಡಿದೆ, ಕಿಟಕಿ ಬದಿಯದ್ದು. ಅವನ ಪರದೆಯಲ್ಲಿ ಅದು ಕಂಡಿತು. ಅವನು ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ, ಟಿಕೆಟ್ ಮಾಡಲಿಲ್ಲ. ಮರುದಿನ ಬಂದು ನೋಡಿದರೆ ಸೀಟು ಬಿದ್ದಿತ್ತು. ನಾನು ಮತ್ತೆ ಹಿಡಿದೆ. ಅದೂ ಬಿತ್ತು. ಮತ್ತೆ ಹಿಡಿದೆ. ಒಂದೇ ಹೆಸರನ್ನು ಹೀಗೆ ಪದೇ ಪದೇ ಹಿಡಿದರೆ ವಿಮಾನದವರು ಆಫೀಸಿಗೆ ದಂಡ ಹಾಕುತ್ತಾರೆ. ಸಾಹೇಬ್ರಿಗೆ ಎಚ್ಚರಿಕೆ ಬಂತು. ಅವರು ಗಾಜಿನ ಬಾಗಿಲು ತೆರೆದು ನನ್ನನ್ನು ನೋಡಿದರು, ಮತ್ತೆ ಮುಚ್ಚಿದರು.

ಗಿರಾಕಿಗಳಿಗೆ ಅವನು ಏನು ಹೇಳುತ್ತಿದ್ದ ಗೊತ್ತಾ? "ಸರ್, ಆಮೇಲೆ ಮಾಡ್ತೇನೆ ಎನ್ನಬೇಡಿ. ಸೀಟು ಇರುವಾಗ ತಗೊಳ್ಳಿ." ಇಡೀ ಫರ್ವಾನಿಯಾಕ್ಕೆ ಬುದ್ಧಿ ಹೇಳಿದವನು ತನ್ನ ಸೀಟನ್ನು ಬೀಳಲಿಕ್ಕೆ ಬಿಟ್ಟ. ಆ ಗುರುವಾರದ ವಿಮಾನ ಅವನಿಲ್ಲದೆ ಹೋಯಿತು.

ಸೋಮವಾರ ಓಟಾಯಿತು. ಅವನ ಫೋನು ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಲೇ ಇತ್ತು. ಅಮ್ಮನ ಮನೆಯ ಎದುರಿನ ಶಾಲೆಯೇ ಮತಗಟ್ಟೆ. ತಂಗಿ ಕಳಿಸಿದ ವಿಡಿಯೋದಲ್ಲಿ ಉದ್ದ ಸಾಲು, ಜರಿಯ ಉದ್ದ ಅಂಗಿ ತೊಟ್ಟ ಹೆಂಗಸರು, ಕೈಯಲ್ಲಿ ಬಾವುಟ ಹಿಡಿದ ಮಕ್ಕಳು. ಮದುವೆ ಮನೆಗೆ ಹೊರಟವರ ಹಾಗೆ ಜನ ಅಲಂಕಾರ ಮಾಡಿಕೊಂಡು ಬಂದಿದ್ದರು. ಬುಧವಾರ ಎಣಿಕೆ ಮುಗಿದ ಸಂಜೆ ಅವನು ಒಂದು ದೊಡ್ಡ ಪೆಟ್ಟಿಗೆ ಬಕ್ಲಾವಾ ತಂದು ಸಲೂನಿನವನಿಗೆ, ಮೊಬೈಲ್ ಅಂಗಡಿಯವನಿಗೆ, ದಾರಿಯಲ್ಲಿ ಹೋಗುವವನಿಗೆ ಎಲ್ಲ ಹಂಚಿದ. ನೂರಕ್ಕೆ ಎಪ್ಪತ್ತರ ಮೇಲೆ ಜನ ಬಂದಿದ್ದಾರಂತೆ, ಬಂದವರಲ್ಲಿ ತೊಂಬತ್ತರ ಮೇಲೆ ಹೌದು ಎಂದಿದ್ದಾರಂತೆ. "ನಿಮ್ಮ ಲೆಕ್ಕದಲ್ಲಿ ಸಾಕಾ?" ಎಂದು ಅವನು ಸಾಹೇಬ್ರನ್ನು ಕೇಳಿದ. "ಧಾರಾಳ ಸಾಕು ಮಾರಾಯ" ಎಂದು ಅವರು ಅವನನ್ನು ಅಪ್ಪಿಕೊಂಡರು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಯಿತು. ನಾನೂ ಎರಡು ತುಂಡು ತಿಂದೆ.

ಬಕ್ಲಾವಾದ ಪೆಟ್ಟಿಗೆ ಖಾಲಿಯಾಗುವ ಮೊದಲೇ ಬಾಗ್ದಾದಿನಿಂದ ಆದೇಶ ಬಂತು. ಎರ್ಬಿಲಿಗೆ ಹೊರದೇಶದ ಯಾವ ವಿಮಾನವೂ ಇಳಿಯಬಾರದು. ಹೋಗಬೇಕಾದವರು ಬಾಗ್ದಾದಿನ ಮೇಲೆ ಹೋಗಲಿ, ಬಾಗ್ದಾದಿನ ವೀಸಾ ತೆಗೆದುಕೊಂಡು. ವಿಮಾನ ಕಂಪನಿಗಳ ಸಂದೇಶ ಒಂದರ ಹಿಂದೆ ಒಂದು ನಮ್ಮ ಪರದೆಯಲ್ಲಿ ಬಿದ್ದವು. ಶುಕ್ರವಾರದಿಂದ ಎರ್ಬಿಲ್ ಬಂದ್, ಖಲಾಸ್.

ನಾನು ಹೇಳಿದ್ದು ಸರಿಯಾಗಿತ್ತು. ಆ ಸರಿಯನ್ನು ಇಟ್ಟುಕೊಂಡು ನಾನು ಎಂಥ ಮಾಡುವುದು? ಅವನ ಮುಖ ನೋಡಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಆ ವಾರವಿಡೀ ಎರ್ಬಿಲಿಗೆ ಟಿಕೆಟ್ ಮಾಡಿಸಿದ್ದವರು ಅವನ ಮೇಜಿನ ಎದುರು ಬಂದು ಕೂಗಾಡಿದರು. ಅವನು ಎದ್ದು ನಿಂತು "ಹೌದು ಸರ್, ನೀವು ಹೇಳಿದ್ದು ಸರಿ" ಎಂದು ಒಬ್ಬೊಬ್ಬರ ಟಿಕೆಟನ್ನೂ ರದ್ದು ಮಾಡಿದ, ಚಾ ತರಿಸಿದ. ಅವನ ಸ್ವಂತ ಟಿಕೆಟು ರದ್ದು ಮಾಡಲಿಕ್ಕೂ ಇರಲಿಲ್ಲ. ಅಕ್ಟೋಬರಿನದ್ದನ್ನು ಅವನು ಇನ್ನೂ ಮಾಡಿಸಿಯೇ ಇರಲಿಲ್ಲ.

"ಒಂದು ವಾರ, ಹೆಚ್ಚೆಂದರೆ ಎರಡು. ಇಷ್ಟು ಜನ ಓಟು ಹಾಕಿದ್ದಾರೆ, ಮಾತುಕತೆ ಆಗ್ತದೆ" ಎಂದ. ಅಕ್ಟೋಬರ್ ನಡುವೆ ಬಾಗ್ದಾದಿನ ಸೈನ್ಯ ಕುರ್ದಿಗಳ ಕೈಯಲ್ಲಿದ್ದ ಎಣ್ಣೆ ಬಾವಿಗಳ ಊರನ್ನು ವಾಪಸು ಹಿಡಿಯಿತು. ಎಣ್ಣೆ ಹೋದ ಮೇಲೆ ಸಂಬಳ ಕೊಡಲಿಕ್ಕೆ ಎಲ್ಲಿಂದ ಬರಬೇಕು? ಆ ಮೇಷ್ಟ್ರು ಇವನ ಫೋನು ಎತ್ತುವುದನ್ನೇ ನಿಲ್ಲಿಸಿದರು. ಓಟಿನ ಫಲವನ್ನು ಸದ್ಯಕ್ಕೆ ಬದಿಗಿಡುತ್ತೇವೆ ಎಂದು ಎರ್ಬಿಲಿನವರೇ ಹೇಳಿದರು. ಬದಿಗಿಡುವುದಂತೆ! ಅಷ್ಟು ಜನ ಸಾಲಿನಲ್ಲಿ ನಿಂತದ್ದನ್ನು ಯಾವ ಕಪಾಟಿನಲ್ಲಿ ಇಡುತ್ತಾರೆ? ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದೇ ಗೊತ್ತಾಗಲಿಲ್ಲ. ಬಾಗ್ದಾದಿನ ಮೇಲಾ, ಎರ್ಬಿಲಿನ ಮೇಲಾ, ಇವನ ಮೇಲಾ? ಮೂವರ ಮೇಲೂ ಬಂತು. ಊಟದ ಹೊತ್ತಿನ ಪಾರ್ಲಿಮೆಂಟು ತಾನಾಗಿಯೇ ನಿಂತಿತು. ಸಾಹೇಬ್ರು ಡಬ್ಬವನ್ನು ಗಾಜಿನ ಕೋಣೆಯಲ್ಲೇ ತೆರೆಯತೊಡಗಿದರು.

ವಿಡಿಯೋ ಕಾಲ್ ಮಾತ್ರ ಬರುತ್ತಿತ್ತು. ನಾನು ಹಣೆ ಹತ್ತಿರ ತರುತ್ತಿದ್ದೆ. ಮೊದಲು ಕೆಂಪು ಕಾಣುತ್ತಿತ್ತು. ಮತ್ತೆ ಕಪ್ಪು ಚುಕ್ಕೆ ಎಂದರು. ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಅವರು ತುಂಬ ಹೊತ್ತು ಫೋನನ್ನು ಅತ್ತ ಇತ್ತ ಸರಿಸಿ ನೋಡಿದರು. "ಇವತ್ತು ಹಚ್ಚಿಲ್ವಾ ಮಗಳೇ?" ಎಂದು ಕೇಳಿದರು. ನನ್ನ ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮ ಇತ್ತು. "ಇಲ್ಲಮ್ಮ, ಬೆಳಿಗ್ಗೆ ಗಡಿಬಿಡಿಯಲ್ಲಿ ಮರೆತೆ" ಎಂದೆ. ಭಾಯಿ ನನ್ನ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳಿದ, ಒಂದಕ್ಷರ ಆಚೀಚೆ ಮಾಡಲಿಲ್ಲ. ಆಮೇಲೆ ಬಾತ್‌ರೂಮಿಗೆ ಹೋಗಿ ನಳ್ಳಿ ಬಿಟ್ಟ. ಗಿರಾಕಿ ಬಂದು ಕಾಯುತ್ತಿದ್ದರೂ ನೀರಿನ ಸದ್ದು ನಿಲ್ಲಲಿಲ್ಲ. ಆ ಗಿರಾಕಿಯ ಟಿಕೆಟ್ ನಾನೇ ಮಾಡಿದೆ.

ಮಾರ್ಚ್ ತಿಂಗಳಲ್ಲಿ ಎರ್ಬಿಲಿನ ಆಕಾಶ ತೆರೆಯಿತು. ಸಂದೇಶ ಬಂದ ದಿನವೇ ನಾನು ಅವನ ಹೆಸರಿಗೆ ಸೀಟು ಹಿಡಿದೆ, ಹಿಡಿದು ಅವನನ್ನು ಕೇಳದೆಯೇ ಟಿಕೆಟನ್ನೂ ಮಾಡಿಬಿಟ್ಟೆ. ಅವನು ಬೇಡ ಎನ್ನಲಿಲ್ಲ. ಹೋಗುವಾಗ ಅಮ್ಮನಿಗೆ ಏನು ಒಯ್ಯುವುದೆಂದು ನನ್ನನ್ನೇ ಕೇಳಿದ. ಮೊದಲೆಲ್ಲ ಬಣ್ಣದ ಶಾಲು ಒಯ್ಯುತ್ತಿದ್ದ. ನಾನು ಮಲ್ಲಿಗೆಯ ಅತ್ತರು ತರಿಸಿ ಕೊಟ್ಟೆ, ಮೂಗಿಗಾದರೂ ಸಿಗಲಿ ಎಂದು.

ರಜೆ ಮುಗಿಸಿ ಬಂದ ದಿನ ಅವನು ಎಂದಿನ ಹಾಗೆ ಇಸ್ತ್ರಿ ಅಂಗಿಯಲ್ಲಿ ಬಂದು ಕೂತ. ಮಧ್ಯಾಹ್ನ ಶಟರ್ ಅರ್ಧ ಇಳಿದ ಮೇಲೆ ನಾನು ಕೇಳಿದೆ, ಅಮ್ಮ ಹೇಗಿದ್ದಾರೆ ಎಂದು. ಸಾಹೇಬ್ರೂ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಏನೂ ಕಾಣುವುದಿಲ್ಲ," ಎಂದ. "ಬೆಳಕು ಕತ್ತಲೆ ಕೂಡ ಇಲ್ಲ. ನನ್ನ ಮುಖವನ್ನು ಎರಡು ಕೈಯಿಂದ ಮುಟ್ಟಿ ನೋಡಿದಳು, ಮೀಸೆ ಹಿಡಿದು ಎಳೆದಳು. ನಾನು ಓಟಿನ ದಿನದ ಮಾತು ತೆಗೆದೆ. ಬೇರೆ ಎಂಥದು ಮಾತಾಡುವುದು ಎಂದು ನನಗೆ ಗೊತ್ತಾಗಲಿಲ್ಲ. ಅವಳೇ ಎಲ್ಲ ಹೇಳಿದಳು. ಆ ದಿನ ಅವಳಿಗೆ ಇನ್ನೂ ಸ್ವಲ್ಪ ಕಾಣ್ತಾ ಇತ್ತು. ಹತ್ತಿರ ಹೋದರೆ ಮುಖ ಗೊತ್ತಾಗ್ತಿತ್ತು. ಬೆಳಿಗ್ಗೆ ಎದ್ದು ತಂಗಿಯ ಹತ್ತಿರ ಹೇಳಿ ಒಳ್ಳೆಯ ಅಂಗಿ ತೊಟ್ಟುಕೊಂಡಳಂತೆ. ಕುರ್ಚಿಯನ್ನು ಬೀದಿಯ ಬದಿಗೆ, ಶಾಲೆಯ ಗೇಟಿನ ಹತ್ತಿರ ಹಾಕಿಸಿಕೊಂಡಳಂತೆ."

"ಸಾಲು ನೋಡಲಿಕ್ಕಾ?" ಎಂದೆ ನಾನು.

"ನನ್ನನ್ನು ನೋಡಲಿಕ್ಕೆ." ಅವನು ಮೇಜಿನ ಮೇಲಿನ ಪೆನ್ನನ್ನು ಸರಿಮಾಡಿ ಇಟ್ಟ. "ನಮಗೆ ಓಟಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಎಲ್ಲರೂ ಬರಬೇಕು, ಒಬ್ಬರೂ ತಪ್ಪಬಾರದು ಎಂದು ದಿನಾ ಫೋನಿನಲ್ಲಿ ಬೊಬ್ಬೆ ಹಾಕಿದ್ದೆನಲ್ಲ, ಅದನ್ನು ಅವಳು ಕೇಳಿದ್ದಳು. ಇಷ್ಟು ಹೇಳುವವನು ತಾನು ಬಾರದೆ ಇರ್ತಾನಾ, ಸುದ್ದಿ ಕೊಡದೆ ಬಂದು ಸಾಲಿನಲ್ಲಿ ನಿಲ್ತಾನೆ ಎಂದು ಅವಳ ಲೆಕ್ಕ. ಅದಕ್ಕೆ ಸಂಜೆಯವರೆಗೆ ಅಲ್ಲೇ ಕೂತು ಒಬ್ಬೊಬ್ಬ ಗಂಡಸನ್ನೂ ಹತ್ತಿರ ಕರೆದು ಮುಖ ನೋಡಿದಳಂತೆ. ಗೇಟು ಮುಚ್ಚಿದ ಮೇಲೂ ಒಳಗೆ ಬರಲಿಲ್ಲವಂತೆ."

ಸಾಹೇಬ್ರು ಬಾಗಿಲಿಗೆ ಒರಗಿಕೊಂಡರು. ಅವನೇ ಮುಂದುವರಿಸಿದ.

"ಕ್ಷೌರಿಕ ಬಂದ, ರೊಟ್ಟಿಯವ ಬಂದ, ಕುಂಟುವ ಮುದುಕನನ್ನು ಅವನ ಮೊಮ್ಮಕ್ಕಳು ಎತ್ತಿಕೊಂಡು ಬಂದರು ಎಂದು ಬೆರಳು ಮಡಚಿ ಮಡಚಿ ಹೇಳಿದಳು. ಕೊನೆಗೆ ಆ ಮೇಷ್ಟ್ರೂ ಬಂದರಂತೆ, ಕೋಟು ಹಾಕಿಕೊಂಡು. ಅಷ್ಟು ಹೇಳಿ ನನ್ನ ಮುಖದಿಂದ ಕೈ ತೆಗೆದಳು."

"ಮತ್ತೆ?" ಎಂದೆ.

"ಎಲ್ಲರೂ ಬಂದಿದ್ದರು ಮಗನೇ, ನೀನೊಬ್ಬ ಬರಲಿಲ್ಲ ಎಂದಳು."